ಚಿಪ್ ತೊಳೆದ ಕೊಳೆ

ಸಾಂಟಾ ಕ್ಲಾರಾ ಕಣಿವೆಗೆ ಸಿಲಿಕಾನ್ ಕಾಲಿಡುವ ಮೊದಲೇ ಅಲ್ಲಿನ ಜನ ಅಂತರ್ಜಲದ ವಿಷಯದಲ್ಲಿ ಒಂದು ಪೆಟ್ಟು ತಿಂದಿದ್ದರು. ಕ್ಯಾಲಿಫೋರ್ನಿಯಾದ ಈ ಕಣಿವೆ ಏಪ್ರಿಕಾಟ್, ಪ್ರೂನ್, ಚೆರಿ ತೋಟಗಳ ಸೀಮೆ. ತೋಟಕ್ಕೊಂದು ಬಾವಿ, ಬಾವಿಗೊಂದು ಪಂಪು. ನೀರು ಎತ್ತಿದ ಹಾಗೆಲ್ಲ ಕೆಳಗಿನ ಜೇಡಿಮಣ್ಣಿನ ಪದರಗಳು ಕುಗ್ಗಿ ಮೇಲಿನ ನೆಲ ಕುಸಿಯತೊಡಗಿತು. 1970ರ ಸುಮಾರಿಗೆ ಸ್ಯಾನ್ ಹೊಸೆ ಪೇಟೆಯ ನೆಲ, ಶತಮಾನದ ಆರಂಭದಲ್ಲಿ ಇದ್ದದ್ದಕ್ಕಿಂತ ಸುಮಾರು 13 ಅಡಿ ತಗ್ಗಿತ್ತು. ಹೊರಗಿನ ನೀರನ್ನು ಕಾಲುವೆಯಲ್ಲಿ ತಂದು, ಇಂಗುಕೊಳಗಳಲ್ಲಿ ನಿಲ್ಲಿಸಿ, ನೆಲಕ್ಕೆ ಕುಡಿಸಿದ ಮೇಲೆಯೇ ಕುಸಿತ ನಿಂತದ್ದು. ನೆಲದಡಿಯ ನೀರು ಹೋದರೆ ಏನಾಗುತ್ತದೆಂದು ಇಷ್ಟು ಕಣ್ಣಾರೆ ಕಂಡ ಊರುಗಳು ಅಮೆರಿಕದಲ್ಲಿ ಹೆಚ್ಚಿಲ್ಲ. ಅಂಥ ಊರಲ್ಲೇ, ಅದೇ ವರ್ಷಗಳಲ್ಲಿ, ಅದೇ ನೀರಿಗೆ ಇನ್ನೊಂದು ಪೆಟ್ಟು ಬೀಳುತ್ತಿತ್ತು. ಅದನ್ನು ನೋಡಿದವರಿಲ್ಲ.

1957ರಲ್ಲಿ ಶಾಕ್ಲಿಯ ಪ್ರಯೋಗಾಲಯ ಬಿಟ್ಟು ಬಂದ ಎಂಟು ಮಂದಿ ಪಾಲೊ ಆಲ್ಟೊದಲ್ಲಿ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದ ಕಥೆ ನಮ್ಮಲ್ಲಿ ಕಾಲೇಜು ಹುಡುಗರಿಗೂ ಗೊತ್ತು. ಅವರಲ್ಲೊಬ್ಬರಾದ ಜೀನ್ ಹರ್ನಿ 1959ರಲ್ಲಿ ರೂಪಿಸಿದ ಪ್ಲೇನಾರ್ ವಿಧಾನದಿಂದ ಚಿಪ್ ತಯಾರಿಕೆ ಕಾರ್ಖಾನೆಯ ಕೆಲಸವಾಯಿತು. ಮೌಂಟನ್ ವ್ಯೂ ಊರಿನ ವಿಸ್ಮನ್ ರಸ್ತೆ, ಎಲ್ಲಿಸ್ ಬೀದಿ, ಮಿಡಲ್‌ಫೀಲ್ಡ್ ರಸ್ತೆಗಳ ಸುತ್ತ ತೋಟಗಳು ಮಾಯವಾಗಿ ತಗ್ಗು ಛಾವಣಿಯ ಕಟ್ಟಡಗಳು ಎದ್ದವು. 1968ರಲ್ಲಿ ಫೇರ್‌ಚೈಲ್ಡ್ ಬಿಟ್ಟ ನಾಯ್ಸ್ ಮತ್ತು ಮೂರ್ ಇಂಟೆಲ್ ಶುರುಮಾಡಿದ್ದೂ ಅಲ್ಲೇ. ಊರಿನ ಮುಖಂಡರಿಗೆ ಹಿಗ್ಗು. ಹೊಗೆ ಕೊಳವೆಯಿಲ್ಲ, ಗದ್ದಲವಿಲ್ಲ, ಮುಂದೆ ಹುಲ್ಲುಹಾಸು, ಹಿಂದೆ ಕಾರು ನಿಲ್ಲಿಸುವ ಜಾಗ. ಕಾಲೇಜು ಆವರಣದ ಹಾಗೆ ಕಾಣುವ ಈ ಕಾರ್ಖಾನೆಗಳನ್ನು ‘ಶುದ್ಧ ಉದ್ಯಮ’ ಎಂದು ಕರೆದು ಊರೂರಿನವರು ಪೈಪೋಟಿಯಲ್ಲಿ ಬರಮಾಡಿಕೊಂಡರು.

ಒಳಗಿನ ಕೆಲಸ ಹೆಚ್ಚೂಕಡಮೆ ತೊಳೆಯುವ ಕೆಲಸವೇ. ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕಿಗೆ ಪ್ರತಿಕ್ರಿಯಿಸುವ ಲೇಪ ಬಳಿಯಬೇಕು, ಅದರ ಮೇಲೆ ನಕ್ಷೆ ಮೂಡಿಸಬೇಕು, ಆಮ್ಲದಲ್ಲಿ ಅದ್ದಿ ಕೊರೆಯಬೇಕು, ಉಳಿದ ಲೇಪವನ್ನು ಕಿತ್ತು ತೆಗೆಯಬೇಕು, ಜಿಡ್ಡು ಬಿಡಿಸಬೇಕು, ಮತ್ತೆ ಮೊದಲಿನಿಂದ. ಬೆರಳ ಗುರುತಿನ ಎಣ್ಣೆಯೂ ಅಲ್ಲಿ ಕೊಳೆಯೇ. ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕ ಇದಕ್ಕೆ ಹೇಳಿ ಮಾಡಿಸಿದಂತಿತ್ತು: ಜಿಡ್ಡನ್ನು ಕರಗಿಸುತ್ತದೆ, ಸುಲಭಕ್ಕೆ ಬೆಂಕಿ ಹಿಡಿಯುವುದಿಲ್ಲ, ಕಲೆ ಉಳಿಸದೆ ಆರಿಹೋಗುತ್ತದೆ. ಟಿಸಿಇ ಎಂದೇ ಎಲ್ಲರೂ ಕರೆಯುತ್ತಿದ್ದ ಈ ದ್ರವವನ್ನು ಆ ಕಾಲದಲ್ಲಿ ಯಾರೂ ವಿಷವೆಂದು ದೂರ ಇಟ್ಟಿರಲಿಲ್ಲ. ವೈದ್ಯರು ಅದನ್ನು ಅರಿವಳಿಕೆಗೆ ಕೊಡುತ್ತಿದ್ದರು, ಕಾಫಿ ತಯಾರಕರು ಬೀಜದಿಂದ ಕೆಫೀನ್ ತೆಗೆಯಲು ಬಳಸುತ್ತಿದ್ದರು. ಆಹಾರ, ಔಷಧಗಳಲ್ಲಿ ಅಮೆರಿಕ ಅದನ್ನು ನಿಷೇಧಿಸಿದ್ದು 1977ರಲ್ಲಿ. ಅನುಮಾನ ಬಲಿತ ಆ ದಶಕದಲ್ಲಿ ಹಲವು ಕಾರ್ಖಾನೆಗಳು ಅದೇ ಕುಟುಂಬದ ಟಿಸಿಎ, ಅಂದರೆ ಟ್ರೈಕ್ಲೋರೋಈಥೇನ್‌ಗೆ ಬದಲಾಯಿಸಿಕೊಂಡವು.

ಬಳಸಿದ ದ್ರಾವಕ ಕೊಳವೆಯಲ್ಲಿ ಇಳಿದು ಕಟ್ಟಡದ ಪಕ್ಕ ಹೂತಿಟ್ಟ ಟ್ಯಾಂಕಿಗೆ ಸೇರುತ್ತಿತ್ತು. ಹೂಳಬೇಕೆಂದದ್ದು ಅಗ್ನಿಶಾಮಕ ನಿಯಮ: ಬೆಂಕಿ ಹಿಡಿಯಬಲ್ಲ ಬೇರೆ ದ್ರಾವಕಗಳು ನೆಲದಡಿಯಿದ್ದರೆ ಕ್ಷೇಮ. ನೋಟಕ್ಕೂ ಅದೇ ಚೆಂದ. ಬೆಂಕಿಯ ಬಗ್ಗೆ ಅಷ್ಟು ಯೋಚಿಸಿದವರು ಟ್ಯಾಂಕಿನ ತಳದ ಬಗ್ಗೆ ಯೋಚಿಸಲಿಲ್ಲ. ಅದು ತೂತಾದರೆ ತಿಳಿಯುವ ವ್ಯವಸ್ಥೆಯನ್ನೂ ಬಹುತೇಕರು ಇಟ್ಟಿರಲಿಲ್ಲ.

ಸೋರಿದರೆ ಈ ದ್ರವದ ನಡತೆ ಪೆಟ್ರೋಲು, ಸೀಮೆಎಣ್ಣೆಯಂಥದ್ದಲ್ಲ. ಅವು ಹಗುರ, ಅಂತರ್ಜಲದ ಮೇಲ್ಮೈಯಲ್ಲಿ ತೇಲಿ ನಿಲ್ಲುತ್ತವೆ. ಟಿಸಿಇ ನೀರಿಗಿಂತ ಒಂದೂವರೆಪಟ್ಟು ತೂಕ. ಅಂತರ್ಜಲ ಸಿಕ್ಕಿದರೂ ನಿಲ್ಲದೆ ಅದರೊಳಗೇ ಮುಳುಗುತ್ತದೆ, ಮರಳಿನ ಸಂದಿಗಳಲ್ಲಿ ಹನಿಹನಿಯಾಗಿ ಸಿಕ್ಕಿಕೊಳ್ಳುತ್ತದೆ, ಜೇಡಿಪದರ ಅಡ್ಡ ಬಂದಲ್ಲಿ ಅದರ ಮೇಲೆ ಮಡುಗಟ್ಟಿ ಇಳಿಜಾರು ಇದ್ದತ್ತ ಜಾರುತ್ತದೆ. ನೀರಿನಲ್ಲಿ ಕರಗುವುದು ತೀರ ಕಡಿಮೆ, ಆದರೆ ಆ ಕಡಿಮೆಯೇ ಕುಡಿಯುವವರಿಗೆ ಹೆಚ್ಚು. ಕುಡಿಯುವ ನೀರಿನಲ್ಲಿ ಅದಕ್ಕೆ ಅಮೆರಿಕ ಮುಂದೆ ಗೊತ್ತುಮಾಡಿದ ಮಿತಿ ನೂರು ಕೋಟಿ ಪಾಲಿನಲ್ಲಿ ಐದು ಪಾಲು. ಲೆಕ್ಕ ಹಾಕಿದರೆ, ಒಂದು ಲೀಟರ್ ಟಿಸಿಇ ಸುಮಾರು 29 ಕೋಟಿ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲದು.

ಬಯಲಾದದ್ದು 1981ರ ಕೊನೆಗೆ. ಸ್ಯಾನ್ ಹೊಸೆಯ ದಕ್ಷಿಣದಲ್ಲಿ, ಬರ್ನಾಲ್ ರಸ್ತೆಯಲ್ಲಿ ಫೇರ್‌ಚೈಲ್ಡ್ 1977ರಲ್ಲಷ್ಟೇ ತೆರೆದಿದ್ದ ಹೊಸ ಕಾರ್ಖಾನೆ. ಅಲ್ಲಿನ ಭೂಗತ ಟ್ಯಾಂಕ್ ಸೋರಿ ಟಿಸಿಎ, ಝೈಲೀನ್, ಅಸಿಟೋನ್ ಮುಂತಾದವು ಹತ್ತಾರು ಸಾವಿರ ಗ್ಯಾಲನ್ ಮಣ್ಣಿಗಿಳಿದಿದ್ದವು. ಅರ್ಧ ಕಿಲೋಮೀಟರಿಗಿಂತ ತುಸು ದೂರದಲ್ಲಿ ಗ್ರೇಟ್ ಓಕ್ಸ್ ಎಂಬ ನೀರು ಸರಬರಾಜು ಕಂಪನಿಯ 13ನೇ ನಂಬರಿನ ಬಾವಿ. ಪರೀಕ್ಷಿಸಿದರೆ ಅದರಲ್ಲೂ ಟಿಸಿಎ. ಡಿಸೆಂಬರಿನಲ್ಲಿ ಬಾವಿ ಮುಚ್ಚಿತು. ಆ ನೀರು ಕುಡಿಯುತ್ತಿದ್ದ ಲಾಸ್ ಪಸೇಯೋಸ್ ಬಡಾವಣೆಯವರಿಗೆ ವಿಷಯ ಗೊತ್ತಾದದ್ದು ಮಾತ್ರ 1982ರ ಜನವರಿಯಲ್ಲಿ, ಪತ್ರಿಕೆಯಿಂದ.

ಆ ಬಡಾವಣೆಯ ಒಬ್ಬ ತಾಯಿ, ಹೃದಯದ ದೋಷದೊಂದಿಗೆ ಹುಟ್ಟಿದ ಮಗುವನ್ನು ಸಾಕುತ್ತಿದ್ದವಳು, ಸುದ್ದಿ ಓದಿ ನೆರೆಹೊರೆಯವರನ್ನು ವಿಚಾರಿಸತೊಡಗಿದಳು. ಗರ್ಭಪಾತವಾದವರು, ಊನವಿರುವ ಮಕ್ಕಳು ಹುಟ್ಟಿದವರು ಒಬ್ಬೊಬ್ಬರೇ ಸಿಕ್ಕಿದರು. ನೂರಾರು ಜನ ಕೋರ್ಟಿಗೆ ಹೋದರು, ಕೊನೆಗೆ ರಾಜಿಯಾಯಿತು. ರಾಜ್ಯದ ಆರೋಗ್ಯ ಇಲಾಖೆ 1985ರಲ್ಲಿ ವರದಿ ಕೊಟ್ಟಿತು: ಬಡಾವಣೆಯಲ್ಲಿ ಗರ್ಭಪಾತ ನಿರೀಕ್ಷೆಗಿಂತ ಎರಡು ಪಟ್ಟು, ಹುಟ್ಟಿನ ದೋಷ ಸುಮಾರು ಮೂರು ಪಟ್ಟು. ಆದರೆ ನೀರೇ ಕಾರಣವೆಂದು ಹೇಳಲಾಗದು. ಆಮೇಲಿನ ಅಧ್ಯಯನ ಇನ್ನೂ ಗೋಜಲು ಮಾಡಿತು. ಕೆಟ್ಟ ನೀರು ಇನ್ನೂ ಹೆಚ್ಚು ಹರಿದಿರಬಹುದಾದ ಇನ್ನೊಂದು ಪ್ರದೇಶದಲ್ಲಿ ಅಂಥ ಹೆಚ್ಚಳ ಕಾಣಲೇ ಇಲ್ಲ. ಕಂಪನಿಗಳ ಪರ ವಕೀಲರು ಇದನ್ನು ಖುಲಾಸೆ ಎಂಬಂತೆ ಓದಿದರು. ನನಗೆ ಅದು ಹಾಗೆ ಕಾಣುವುದಿಲ್ಲ. ಕೆಲವು ನೂರು ಬಸುರಿಯರ ಲೆಕ್ಕದಿಂದ ಒಂದು ರಾಸಾಯನಿಕದ ತಪ್ಪೊಪ್ಪಿಗೆ ಪಡೆಯುವುದು ಸಂಖ್ಯಾಶಾಸ್ತ್ರಕ್ಕೆ ಆಗದ ಕೆಲಸ. ಆ ಮನೆಗಳವರಿಗೆ ಉತ್ತರ ಸಿಗಲಿಲ್ಲ ಎಂಬುದಷ್ಟೇ ಅದರಿಂದ ಖಚಿತ.

ಉತ್ತರ ಸಿಗದಿದ್ದರೂ ಊರು ಎಚ್ಚರವಾಯಿತು. ಇಲ್ಲೊಂದು ಟ್ಯಾಂಕ್ ಸೋರಿದ್ದರೆ ಉಳಿದವು? ಪ್ರಾದೇಶಿಕ ಜಲಮಂಡಳಿ ಕಣಿವೆಯ ಕಂಪನಿಗಳಿಗೆಲ್ಲ ನಿಮ್ಮ ಟ್ಯಾಂಕಿನ ಸುತ್ತ ಕೊರೆದು ನೋಡಿ ಎಂದಿತು. ನೋಡಿದವರಲ್ಲಿ ಬಹುಪಾಲು ಮಂದಿಗೆ ಕೊಳೆ ಸಿಕ್ಕಿತು. ವಿಸ್ಮನ್ ರಸ್ತೆ, ಎಲ್ಲಿಸ್ ಬೀದಿಗಳ ಹಳೆಯ ಕಾರ್ಖಾನೆಗಳ ಅಡಿಯಲ್ಲಂತೂ ಬೇರೆ ಬೇರೆ ಕಂಪನಿಗಳ ಸೋರಿಕೆಗಳು ಸೇರಿ, ಉತ್ತರಕ್ಕೆ ಕೊಲ್ಲಿಯ ಕಡೆ, ನೌಕಾಪಡೆಯ ಮೊಫೆಟ್ ವಿಮಾನನಿಲ್ದಾಣದ ಕೆಳಗೆ ಹಬ್ಬಿದ್ದವು. ಯಾರ ಟಿಸಿಇ ಎಷ್ಟು ಎಂದು ಬೇರ್ಪಡಿಸುವಂತಿರಲಿಲ್ಲ. ಟೆಡ್ ಸ್ಮಿತ್ ಮತ್ತು ಸಂಗಡಿಗರು 1982ರಲ್ಲಿ ಸಿಲಿಕಾನ್ ವ್ಯಾಲಿ ಟಾಕ್ಸಿಕ್ಸ್ ಕೊಯಲಿಷನ್ ಕಟ್ಟಿ ಬೆನ್ನುಹತ್ತಿದರು. 1983ರಲ್ಲಿ ಕ್ಯಾಲಿಫೋರ್ನಿಯಾ ಭೂಗತ ಟ್ಯಾಂಕುಗಳಿಗೆ ಕಾನೂನು ಮಾಡಿತು, ಮರುವರ್ಷ ದೇಶವೇ ಮಾಡಿತು. ಎರಡು ಗೋಡೆಯ ಟ್ಯಾಂಕ್, ನಡುವೆ ಸೋರಿಕೆ ತಿಳಿಸುವ ಸಾಧನ: ಇವೆಲ್ಲ ರೂಢಿಗೆ ಬಂದದ್ದು ಆಗ. ಸೂಪರ್‌ಫಂಡ್ ಎಂಬ 1980ರ ಕಾನೂನಿನ ಪಟ್ಟಿಗೆ ಈ ಒಂದು ಕೌಂಟಿಯಿಂದ ಸೇರಿದ ತಾಣಗಳು ಎರಡು ಡಜನ್ನಿನಷ್ಟು. ಅಮೆರಿಕದ ಬೇರಾವ ಕೌಂಟಿಯಲ್ಲೂ ಅಷ್ಟಿಲ್ಲ. ಕೆಡಿಸಿದವರೇ ಖರ್ಚು ಕೊಡಬೇಕೆಂಬುದು ಅದರ ತತ್ವ. ಫೇರ್‌ಚೈಲ್ಡನ್ನು 1979ರಲ್ಲಿ ಕೊಂಡಿದ್ದ ಷ್ಲಂಬರ್ಜೆ ಎಂಬ ತೈಲೋದ್ಯಮದ ಕಂಪನಿ 1987ರಲ್ಲಿ ಅದನ್ನು ಮಾರಿ ಕೈತೊಳೆದುಕೊಂಡಿತು. ಕೊಳೆಯ ಲೆಕ್ಕ ಮಾತ್ರ ಅದರ ಕೊರಳಿಗೇ ಉಳಿಯಿತು.

ಇನ್ನು ತೆಗೆಯುವ ಕೆಲಸ. ಇಷ್ಟು ದೊಡ್ಡ ಪ್ರಮಾಣದಲ್ಲಿ ಹಿಂದೆ ಯಾರೂ ಮಾಡಿರಲಿಲ್ಲ, ಹಾಗಾಗಿ ಮೊದಲು ಹೊಳೆದದ್ದು ಸರಳ ಉಪಾಯ: ಕೆಟ್ಟ ನೀರನ್ನು ಪಂಪಿನಿಂದ ಎತ್ತು, ಶುದ್ಧ ಮಾಡು, ಹೊರಬಿಡು. ಎತ್ತಿದ ನೀರನ್ನು ಎತ್ತರದ ಗೋಪುರದ ಮೇಲಿಂದ ಸುರಿಸಿ, ಕೆಳಗಿಂದ ಗಾಳಿ ಊದಿದರೆ ದ್ರಾವಕ ಆವಿಯಾಗಿ ಹಾರಿಹೋಗುತ್ತದೆ. ಹಾರಿ ಎಲ್ಲಿಗೆ? ಕಣಿವೆಯ ಗಾಳಿಗೆ. ಆಮೇಲೆ ಅದಕ್ಕೂ ಆಕ್ಷೇಪ ಬಂದು, ಆವಿಯನ್ನು ಸಕ್ರಿಯ ಇದ್ದಿಲಿನ ಪೀಪಾಯಿಗಳಲ್ಲಿ ಹಿಡಿಯತೊಡಗಿದರು. ಬರ್ನಾಲ್ ರಸ್ತೆಯ ಕಾರ್ಖಾನೆ 1983ರಲ್ಲೇ ಮುಚ್ಚಿತ್ತು. ಅದರ ಸುತ್ತ 1986ರಲ್ಲಿ ಕಂದಕ ತೋಡಿ, ಬೆಂಟೋನೈಟ್ ಜೇಡಿ ತುಂಬಿ, ಕೆಳಗಿನ ಗಟ್ಟಿ ಪದರದವರೆಗೆ ಗೋಡೆ ಇಳಿಸಿದರು, ಕೆಲವೆಡೆ ನೂರಡಿಗೂ ಹೆಚ್ಚು ಆಳಕ್ಕೆ. ಒಳಗಿನ ಕೊಳೆ ಹೊರಗೆ ಬಾರದಿರಲಿ ಎಂದು. ಎತ್ತಿ ತೊಳೆದ ನೀರು ಮಳೆನೀರಿನ ಚರಂಡಿ ಹಿಡಿದು ಹಳ್ಳಕ್ಕೆ ಹೋಗುತ್ತಿತ್ತು. 1987ರಿಂದ ಕ್ಯಾಲಿಫೋರ್ನಿಯಾಕ್ಕೆ ಸಾಲುಬರ ಬಡಿದಾಗ ಈ ದೃಶ್ಯ ಯಾರಿಗೂ ಸಹ್ಯವಾಗಲಿಲ್ಲ. ನೀರು ಎತ್ತಿ ಎತ್ತಿ 13 ಅಡಿ ಕುಸಿದಿದ್ದ ನೆಲ ಅದು.

ತೋಟಗಾರರ ಬಾವಿಗಳು ಕಥೆಗೆ ಮತ್ತೆ ಬರುವುದು ಇಲ್ಲೇ. ಮೌಂಟನ್ ವ್ಯೂನಲ್ಲಿ ಮೇಲಿನ ಜಲಪದರಕ್ಕೂ ಕುಡಿಯುವ ನೀರಿನ ಆಳದ ಪದರಕ್ಕೂ ನಡುವೆ ದಪ್ಪ ಜೇಡಿ ಇದೆ. ಕೊಳೆ ಅದನ್ನು ದಾಟಲಾರದೆಂಬ ಧೈರ್ಯವಿತ್ತು. ಆದರೆ ಹಣ್ಣಿನ ತೋಟದ ಕಾಲದಲ್ಲಿ ಕೊರೆದು, ನೆಲ ಮಾರುವಾಗ ಹಾಗೇ ಬಿಟ್ಟುಹೋದ ಬಾವಿಗಳು ಆ ಜೇಡಿಯನ್ನು ತೂರಿಕೊಂಡು ಆಳಕ್ಕಿಳಿದಿದ್ದವು. ಕಬ್ಬಿಣದ ಕೊಳವೆ ತುಕ್ಕುಹಿಡಿದಲ್ಲೆಲ್ಲ ಮೇಲಿನ ನೀರಿಗೆ ಕೆಳಗಿಳಿಯಲು ನೇರ ದಾರಿ. 1989ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ಈ ತಾಣದ ಶುದ್ಧೀಕರಣಕ್ಕೆ ಹೊರಡಿಸಿದ ನಿರ್ಣಯದಲ್ಲಿ ಪಂಪು, ಜೇಡಿಗೋಡೆಗಳ ಜೊತೆಗೆ ಇಂಥ ಬಾವಿಗಳನ್ನು ಹುಡುಕಿ ಮುಚ್ಚಬೇಕೆಂಬ ಅಪ್ಪಣೆಯೂ ಇತ್ತು. ಬೆಂಗಳೂರಿನಲ್ಲಿ ಬತ್ತಿದ ಕೊಳವೆಬಾವಿಗಳ ಬಾಯಿಗೊಂದು ಕಲ್ಲು ಮುಚ್ಚಿ ಮರೆಯುವ ನಾವು ಈ ಸಾಲನ್ನು ಎರಡು ಸಲ ಓದಬಹುದು.

ಶುದ್ಧವಾಗುತ್ತಿದೆಯೇ ಎಂದು ತಿಳಿಯುವುದು ಪರೀಕ್ಷಾಬಾವಿಗಳಿಂದ. ಕಾರು ನಿಲ್ಲಿಸುವ ಜಾಗದ ಡಾಂಬರಿನಲ್ಲಿ ಅಂಗೈಯಗಲದ ಒಂದು ದುಂಡು ಕಬ್ಬಿಣದ ಮುಚ್ಚಳ, ಕೆಳಗೆ ಎರಡು ನಾಲ್ಕು ಇಂಚಿನ ಪ್ಲಾಸ್ಟಿಕ್ ಕೊಳವೆ. ತಂತ್ರಜ್ಞ ಬೋಲ್ಟು ಬಿಚ್ಚಿ, ಮೊದಲು ನೀರಿನ ಮಟ್ಟ ಅಳೆದು, ಹಳೆ ನೀರನ್ನು ಸ್ವಲ್ಪ ಹೊತ್ತು ಹೊರತೆಗೆದು, ಆಮೇಲೆ ನಿಧಾನವಾಗಿ ಬರುವ ಹೊಸ ನೀರನ್ನು 40 ಮಿಲಿಲೀಟರಿನ ಗಾಜಿನ ಸೀಸೆಗೆ ಅಂಚು ಉಬ್ಬುವಷ್ಟು ತುಂಬುತ್ತಾನೆ. ಬಿರಡೆ ತಿರುಗಿಸಿ, ಸೀಸೆಯನ್ನು ತಲೆಕೆಳಗು ಮಾಡಿ, ಬೆರಳಲ್ಲಿ ತಟ್ಟಿ ನೋಡುತ್ತಾನೆ. ಒಂದು ಗುಳ್ಳೆ ಕಂಡರೂ ಆ ಸೀಸೆ ಬೇಡ, ಏಕೆಂದರೆ ಅಳೆಯಬೇಕಾದ ದ್ರಾವಕ ಆ ಗುಳ್ಳೆಯೊಳಕ್ಕೇ ಜಾರಿಕೊಂಡಿರುತ್ತದೆ. ಮಂಜಿನ ಪೆಟ್ಟಿಗೆಯಲ್ಲಿ ಸೀಸೆಗಳು ಪ್ರಯೋಗಾಲಯಕ್ಕೆ ಹೋಗುತ್ತವೆ. ಹೀಗೆ ಬಾವಿ ಬಾವಿಯಿಂದ, ವರ್ಷ ವರ್ಷ.

ಸೀಸೆಗಳು ಹೇಳಿದ ಸುದ್ದಿ ಎಲ್ಲೆಡೆ ಒಂದೇ. ಪಂಪು ಹಾಕಿದ ಮೊದಮೊದಲು ಅಂಕಿ ಭರದಿಂದ ಇಳಿಯುತ್ತದೆ, ಆಮೇಲೆ ಒಂದು ಕಡೆ ನಿಂತುಬಿಡುತ್ತದೆ. ಇಪ್ಪತ್ತು ವರ್ಷ ಮಣ್ಣಲ್ಲಿದ್ದ ದ್ರಾವಕ ಮರಳಿನಿಂದ ಪಕ್ಕದ ಜೇಡಿಯೊಳಕ್ಕೆ ಇಂಗಿರುತ್ತದೆ. ತಟ್ಟೆಯಿಂದ ಸಾಂಬಾರು ಬಗ್ಗಿಸಿದರೂ ಇಡ್ಲಿ ಹೀರಿದ್ದು ಮತ್ತೆ ಒಸರುತ್ತದಲ್ಲ, ಹಾಗೆ ಮರಳು ತೊಳೆದಷ್ಟೂ ಜೇಡಿ ತನ್ನೊಳಗಿನದನ್ನು ನಿಧಾನಕ್ಕೆ ಹೊರಬಿಡುತ್ತಲೇ ಇರುತ್ತದೆ. ಪಂಪು ನಿಲ್ಲಿಸಿದರೆ ಅಂಕಿ ಮೇಲೇರುತ್ತದೆ. 1989ರಲ್ಲಿ ಡಗ್ಲಸ್ ಮೆಕೇ ಮತ್ತು ಜಾನ್ ಚೆರಿ ಎಂಬ ಇಬ್ಬರು ಜಲವಿಜ್ಞಾನಿಗಳು, ಪಂಪಿನಿಂದ ಕೊಳೆಯನ್ನು ಹರಡದಂತೆ ತಡೆಯಬಹುದೇ ಹೊರತು ನೆಲವನ್ನು ಮೊದಲಿನಂತೆ ಮಾಡಲಾಗದು ಎಂದು ಬಿಡಿಸಿ ಬರೆದರು. 1994ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಪಂಪು ಹಾಕಿದ 77 ತಾಣಗಳನ್ನು ತೂಗಿ ನೋಡಿತು. 69ರಲ್ಲಿ ಗುರಿ ಮುಟ್ಟಿರಲಿಲ್ಲ. ಕೋಟಿಗಟ್ಟಲೆ ಡಾಲರಿನ ಒಂದು ಇಡೀ ಕಸುಬು ತನ್ನ ಮೂಲ ನಂಬಿಕೆಯನ್ನು ಬಿಡಬೇಕಾಯಿತು. ಅಷ್ಟು ಬೇಗ ಅದನ್ನು ಒಪ್ಪಿಕೊಂಡದ್ದು ಅದರ ಹೆಚ್ಚುಗಾರಿಕೆ ಎಂದೇ ನಾನು ಭಾವಿಸುತ್ತೇನೆ.

ಕೊಳೆಯನ್ನು ಹೊರಗೆಳೆಯುವ ಬದಲು ಅದು ಇದ್ದಲ್ಲೇ ಒಡೆಯಬಹುದೇ? ಇದಕ್ಕೆ ಮೊದಲ ಸುಳಿವು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ, ಬೇರೇನನ್ನೋ ಹುಡುಕುವಾಗ ಸಿಕ್ಕಿತು. ಪರೀಕ್ಷಾಬಾವಿಗೆ ಬಳಸುವ ಕೊಳವೆಗಳು ದ್ರಾವಕವನ್ನು ಹೀರಿಕೊಂಡು ಲೆಕ್ಕ ತಪ್ಪಿಸುತ್ತವೆಯೇ ಎಂದು 1980ರ ದಶಕದಲ್ಲಿ ಅಲ್ಲೊಬ್ಬ ವಿದ್ಯಾರ್ಥಿ ಪರೀಕ್ಷಿಸುತ್ತಿದ್ದ. ಪ್ಲಾಸ್ಟಿಕ್ ಹೀರಿದ್ದು ಸರಿ, ಅದು ನಿರೀಕ್ಷಿತ. ಆದರೆ ಲೋಹದ ಜೊತೆಯಿಟ್ಟ ಸೀಸೆಗಳಲ್ಲೂ ದ್ರಾವಕ ಕಾಣೆ. ಲೋಹ ಹೀರುವಂಥದ್ದಲ್ಲ. ಕಬ್ಬಿಣ ತುಕ್ಕುಹಿಡಿಯುತ್ತ ಟಿಸಿಇಯಂಥ ಅಣುಗಳ ಕ್ಲೋರಿನ್ನನ್ನು ಕಿತ್ತುಹಾಕುತ್ತಿತ್ತು. ಅದೇ ವಿಶ್ವವಿದ್ಯಾಲಯದ ರಾಬರ್ಟ್ ಗಿಲ್ಲಮ್ ಇದರ ಅರ್ಥ ಹಿಡಿದರು. 1991ರಲ್ಲಿ ಅಲ್ಲಿನ ಬೋರ್ಡನ್ ಎಂಬಲ್ಲಿ ಮರಳಿಗೆ ಕಬ್ಬಿಣದ ಹರಳು ಬೆರೆಸಿ ನೆಲದಡಿ ಪುಟ್ಟ ಗೋಡೆ ಹಾಕಿ ನೋಡಿದರು. ಅದರೊಳಗಿಂದ ಹಾದುಹೋದ ನೀರಿನಲ್ಲಿ ಟಿಸಿಇಯ ನೂರಕ್ಕೆ ಸುಮಾರು ತೊಂಬತ್ತು ಪಾಲು ಇರಲಿಲ್ಲ.

ಇದನ್ನು ಮೊದಲು ವ್ಯಾಪಾರಿ ಪ್ರಮಾಣದಲ್ಲಿ ಪಣಕ್ಕಿಟ್ಟದ್ದು ಮತ್ತೆ ಸಿಲಿಕಾನ್ ಕಣಿವೆಯೇ. ಸನಿವೇಲ್ ಊರಿನ ಹಳೆಯ ಇಂಟರ್ಸಿಲ್ ಕಾರ್ಖಾನೆಯ ಜಾಗದಲ್ಲಿ ಪಂಪು 1987ರಿಂದ ಓಡುತ್ತಿತ್ತು. 1994-95ರ ಚಳಿಗಾಲದಲ್ಲಿ ಅಲ್ಲಿ ಅಂತರ್ಜಲ ಹರಿಯುವ ದಾರಿಗೆ ಅಡ್ಡವಾಗಿ 36 ಅಡಿ ಉದ್ದ, 4 ಅಡಿ ದಪ್ಪ, 20 ಅಡಿ ಆಳದ ಕಂದಕ ತೋಡಿ 220 ಟನ್ ಕಬ್ಬಿಣದ ಹರಳು ತುಂಬಿದರು. ನೀರು ತಾನಾಗಿಯೇ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗಬೇಕು, ಹೋಗುವಷ್ಟರಲ್ಲಿ ದ್ರಾವಕ ಒಡೆದಿರಬೇಕು. ವಿದ್ಯುತ್ತಿಲ್ಲ, ಗೋಪುರವಿಲ್ಲ. ಪಂಪು ಸದ್ದಡಗಿತು, ಮೇಲಿನ ಜಾಗ ಬಾಡಿಗೆಗೆ ಹೋಯಿತು. ತುಕ್ಕನ್ನು ಹೀಗೆ ಕೆಲಸಕ್ಕೆ ಹಚ್ಚಿದ ಬೇರೆ ಉದಾಹರಣೆ ನಾನು ಕಾಣೆ.

ಇನ್ನೊಂದು ದಾರಿ ಬ್ಯಾಕ್ಟೀರಿಯಾಗಳದ್ದು. ಸ್ಟ್ಯಾನ್‌ಫರ್ಡಿನ ಪೆರಿ ಮೆಕಾರ್ಟಿ ಮತ್ತವರ ಬಳಗ 1980ರ ದಶಕದಲ್ಲಿ ಮೊಫೆಟ್ ನಿಲ್ದಾಣದ ನೆಲಕ್ಕೇ ಮೀಥೇನ್, ಆಮ್ಲಜನಕ ಉಣಿಸಿ, ಅಲ್ಲಿನ ಜೀವಾಣುಗಳು ಅವುಗಳ ಜೊತೆಗೆ ದ್ರಾವಕವನ್ನೂ ಒಡೆಯುವುದನ್ನು ತೋರಿಸಿತ್ತು. ಟಿಸಿಇ ಒಡೆಯುವುದು ಸ್ವಲ್ಪವೇ. ಗಾಳಿಯಿಲ್ಲದ ಕಡೆ ಬೇರೆ ಜೀವಾಣುಗಳು ಕ್ಲೋರಿನ್ನನ್ನು ಒಂದೊಂದಾಗಿ ಕಳಚುತ್ತವೆ, ಆದರೆ ಹಲವೆಡೆ ನಡುದಾರಿಯಲ್ಲಿ ನಿಂತುಬಿಡುತ್ತವೆ. ಅಲ್ಲಿ ಉಳಿಯುವುದು ವಿನೈಲ್ ಕ್ಲೋರೈಡ್, ಟಿಸಿಇಗಿಂತ ಕೆಟ್ಟ ವಿಷ. ಕೊನೆಯ ಕ್ಲೋರಿನ್ನನ್ನೂ ತೆಗೆದು ನಿರುಪದ್ರವಿ ಎಥಿಲೀನ್ ಮಾಡಬಲ್ಲ ಬ್ಯಾಕ್ಟೀರಿಯಾವನ್ನು ಕಾರ್ನೆಲ್ ವಿಶ್ವವಿದ್ಯಾಲಯದವರು 1997ರಲ್ಲಿ ಪ್ರಕಟಿಸಿದರು. ಇಥಾಕಾ ಊರಿನ ಕೊಳಚೆನೀರಿನ ಘಟಕದ ಕೆಸರಿನಿಂದ ಬಂದ ಜೀವಿ ಅದು, ಡಿಹ್ಯಾಲೊಕಾಕಾಯ್ಡೆಸ್ ಎಂಬ ಕುಲ. ಈಗ ಅದರ ಬಂಧುಗಳನ್ನು ಬೆಳೆಸಿ, ಪೀಪಾಯಿಯಲ್ಲಿ ತಂದು, ಸೋಯಾ ಎಣ್ಣೆಯ ಜೊತೆ ನೆಲಕ್ಕೆ ಬಿಡುವುದು ಮಾಮೂಲಿ ಕೆಲಸ.

ಅಷ್ಟರಲ್ಲಿ ಕೊಳೆಯ ಮೇಲೆ ಹೊಸ ಊರು ಎದ್ದಿತ್ತು. ಚಿಪ್ ಕಾರ್ಖಾನೆಗಳು ಹೊರನಾಡಿಗೆ ಹೋದವು, ಅವುಗಳ ಜಾಗಕ್ಕೆ ಸಾಫ್ಟ್‌ವೇರ್ ಕಚೇರಿಗಳು ಬಂದವು, ಬೆಂಗಳೂರು, ಮೈಸೂರು, ಮಂಗಳೂರುಗಳಿಂದ ಹೋದ ನಮ್ಮ ಹುಡುಗ ಹುಡುಗಿಯರೂ ಅಲ್ಲಿ ಕೂತರು. ಫೇರ್‌ಚೈಲ್ಡಿನ ವಿಸ್ಮನ್ ರಸ್ತೆಯ ಜಾಗದಲ್ಲಿ ಈಗ ಗೂಗಲ್ಲಿನ ಕಟ್ಟಡಗಳು. ನೆಲದಡಿಯ ಟಿಸಿಇ ಆವಿಯಾಗಿ ತಳಹದಿಯ ಬಿರುಕಿನಿಂದ ಒಳಬರುತ್ತದೆಂಬುದು ತಡವಾಗಿ ಗಮನಕ್ಕೆ ಬಂದ ವಿಷಯ, 2010ರಲ್ಲಿ ಇಪಿಎ ಹಳೆಯ ನಿರ್ಣಯವನ್ನು ತಿದ್ದಿ ಕಟ್ಟಡದೊಳಗಿನ ಗಾಳಿಯನ್ನೂ ಸೇರಿಸಿತ್ತು. 2011ರಲ್ಲಿ ಟಿಸಿಇ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದೂ, ಬಸುರಿನ ಮೊದಲ ವಾರಗಳಲ್ಲಿ ಅದರ ಸಂಪರ್ಕ ಮಗುವಿನ ಹೃದಯಕ್ಕೆ ಅಪಾಯವಾಗಬಹುದೆಂದೂ ಅದೇ ಸಂಸ್ಥೆ ತೀರ್ಮಾನಿಸಿತು. 2012ರ ಕೊನೆಯಿಂದ 2013ರ ಆರಂಭದವರೆಗೆ ಎರಡು ಗೂಗಲ್ ಕಟ್ಟಡಗಳ ಗಾಳಿಯಲ್ಲಿ ಟಿಸಿಇ ಮಿತಿ ಮೀರಿತ್ತು. ಗಾಳಿಯಾಟದ ಯಂತ್ರ ಸರಿಪಡಿಸಿ ಇಳಿಸಿದರು. ಲೋಕದ ಸುದ್ದಿಯನ್ನೆಲ್ಲ ಹುಡುಕಿಕೊಡುವ ಕಂಪನಿಯ ಕುರ್ಚಿಗಳ ಕೆಳಗೇ ಹಳೆಯ ಕೊಳೆ ಇತ್ತು.

ಮೇಲೆತ್ತಿದ ಕೊಳೆಯ ಕಥೆಯನ್ನೂ ಒಂದು ಪತ್ರಕರ್ತರ ತಂಡ 2014ರಲ್ಲಿ ಬೆನ್ನಟ್ಟಿತು. ಮೌಂಟನ್ ವ್ಯೂನಲ್ಲಿ ಟಿಸಿಇ ಹಿಡಿದ ಇದ್ದಿಲು ಲಾರಿಯಲ್ಲಿ ನೂರಾರು ಮೈಲಿ ದೂರದ ಅರಿಝೋನಾದ ಪಾರ್ಕರ್‌ಗೆ, ಕೊಲೊರಾಡೊ ನದಿಯ ಮೂಲನಿವಾಸಿಗಳ ನೆಲದಲ್ಲಿರುವ ಘಟಕಕ್ಕೆ ಹೋಗುತ್ತಿತ್ತು. ಅಲ್ಲಿ ಕುಲುಮೆಯಲ್ಲಿ ಸುಟ್ಟು ಇದ್ದಿಲನ್ನು ಮರುಬಳಕೆಗೆ ಹದಮಾಡುತ್ತಾರೆ, ಉಳಿದ ಕಸ ಮತ್ತೊಂದು ಕಡೆಗೆ. ಒಂದು ಕೌಂಟಿಯ ನೀರನ್ನು ತಿಳಿಗೊಳಿಸಲು ಎಷ್ಟು ಡೀಸೆಲ್, ಎಷ್ಟು ವಿದ್ಯುತ್, ಯಾರ ಅಂಗಳ ಎಂಬ ಲೆಕ್ಕವನ್ನು 1989ರ ನಿರ್ಣಯದಲ್ಲಿ ಯಾರೂ ಕೇಳಿರಲಿಲ್ಲ. ಕಬ್ಬಿಣದ ಗೋಡೆ, ಬ್ಯಾಕ್ಟೀರಿಯಾಗಳ ಕಡೆಗೆ ನನ್ನ ಒಲವು ಇರುವುದು ಇದೇ ಕಾರಣಕ್ಕೆ. ಅವು ಅಣುವನ್ನು ಇದ್ದಲ್ಲಿಯೇ ಮುಗಿಸುತ್ತವೆ.

2024ರ ಡಿಸೆಂಬರಿನಲ್ಲಿ ಇಪಿಎ ಟಿಸಿಇಯ ಎಲ್ಲ ಬಳಕೆಯನ್ನೂ ಹಂತಹಂತವಾಗಿ ನಿಷೇಧಿಸುವ ನಿಯಮ ಹೊರಡಿಸಿತು. ಹೊರಡುತ್ತಲೇ ಅದು ಕೋರ್ಟಿನ ಮೆಟ್ಟಿಲೇರಿತು. ಮೌಂಟನ್ ವ್ಯೂನ ಪಂಪುಗಳು ಇನ್ನೂ ಓಡುತ್ತಿವೆ, ಐದು ವರ್ಷಕ್ಕೊಮ್ಮೆ ಪರಿಶೀಲನಾ ವರದಿ ಬರುತ್ತದೆ. ವಿಸ್ಮನ್ ರಸ್ತೆಯ ಆಸುಪಾಸಿನಲ್ಲಿ ಹೊಸ ಮನೆ ಕಟ್ಟುವವರು ತಳಪಾಯದ ಕಾಂಕ್ರೀಟಿಗೆ ಮುನ್ನ ಆವಿ ತಡೆಯುವ ದಪ್ಪ ಹಾಳೆ ಹಾಸಿ, ಅದರ ಕೆಳಗೆ ತೂತಿನ ಕೊಳವೆಗಳನ್ನು ಮಲಗಿಸಿ, ಛಾವಣಿಯ ಮೇಲಕ್ಕೆ ಗಾಳಿಗಂಡಿ ಎಳೆಯುತ್ತಾರೆ. ಮನೆಗಳು ಮಾತ್ರ ಕೇಳಿದ ಬೆಲೆಗೆ ಹೋಗುತ್ತವೆ.